ಕಲ್ಯಾಣದುರ್ಗಕ್ಕೆ ಹೋದ ಗಂಟಲು

"ಹಲೋ... ಯಾರು ಮಾತಾಡಾದು? ಸ್ಟುಡಿಯೋ ದಯಾನಂದಣ್ಣನಾ? ... ನಾನು ಕಣಣ್ಣ, ಹಿಂದೂಪುರದ ಮೈಕ್ ಆಟೋ ಅಂಜಿ."

ಹುಣಸೆ ಮಂಡಿ ಪಕ್ಕ ಆಟೋ ನಿಲ್ಲಿಸಿ, ಇನ್ನೊಂದು ಕಿವಿಗೆ ಬೆರಳು ತುರುಕಿಕೊಂಡು ನಿಂತಿದ್ದ ಅಂಜಿ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಅಲ್ಲಿಂದೀಚೆಗೆ ಆಟೋದಲ್ಲಿ ಮೈಕ್ ಹಿಡಿದು ಊರೂರು ಕೂಗುವ ಗಂಟಲೇ ಅವನ ಹೊಲ, ಗಂಟಲೇ ಎತ್ತು.

"...ಯೋಗಕ್ಷೇಮ ಆಮೇಲೆ. ಬೆಳಿಗ್ಗೆ ನಿಮ್ಮ ಕಲ್ಯಾಣದುರ್ಗದಾಗೆ 'ಸಾಯಂತ್ರಂಲೋಗಾ ಗುಡಿಸೆಲು ಖಾಳೀ ಚೇಯಂಡಿ' ಅಂತ, ಸಾಯಂಕಾಲದೊಳಗೆ ಗುಡಿಸಲು ಖಾಲಿ ಮಾಡಿ ಅಂತ ತೆಲುಗಿನಾಗೆ ಕೂಗ್ತಾ ಆಟೋ ತಿರುಗ್ತಲ್ಲ, ಅದು ಯಾರ ಗಂಟಲು? ನಾನು ಊರು ಬಿಟ್ಟೇ ಇಲ್ಲ, ಎಲ್ಲಾ ನಂದೇ ಅಂತಾವ್ರೆ."

"...ಹಾಂ? ಕಂಪ್ಯೂಟರ್ ನನ್ನ ಗಂಟಲಿನಾಗೆ ಕೂಗಿದ್ದಾ? ಹೋದ ವರ್ಷ ಬಟ್ಟೆ ಅಂಗಡಿ ರೆಕಾರ್ಡಿಂಗಿಗೆ ಬಂದಾಗ, ಹೊಸ ಮೈಕ್ ಟೆಸ್ಟಿಂಗು ಅಂತ ಎರಡು ಗಂಟೆ ಪೇಪರ್ ಓದಿಸಿದ್ಯಲ್ಲ, ಇದುಕ್ಕೇ ಅಲ್ವಾ?"

"...ಹೂಂ, ಆವತ್ತು ಕಾಗದಕ್ಕೆ ಸೈನ್ ಹಾಕ್ದೆ. ಇಂಗ್ಲಿಷಲ್ಲಿತ್ತು. ನೀನು ಹಾಕಪ್ಪ ಅಂದೆ, ಹಾಕ್ದೆ. ಗಂಟಲು ನಂದು, ಅದು ಏನು ಕೂಗ್ಬೇಕು ಅನ್ನಾದು ನಿಂದಾ?"

"...ನಿನ್ನ ಕಾನೂನು ಮನೆ ಹಾಳಾಗ. ಆ ಗುಡಿಸಲಿನಾಗೆ ನಮ್ಮಕ್ಕ ಕಲ್ಯಾಣಿ ಅವ್ಳೆ. ನಿನ್ ತಮ್ಮನೇ ಜಾಗದ ಯಜಮಾನನ ಪರ ಮೈಕ್ ಹಿಡಿದ್ನಲ್ಲ ಅಂತ ಜನ ಅವಳ ಪಾತ್ರೆ ಪಡಗ ಬೀದಿಗೆ ಎಸೀತಾವ್ರೆ. ನಾನು ಫೋನ್ ಮಾಡಿದ್ರೆ, ಇನ್ನೇನು ಕೂಗಾದೈತೆ ಅಂದು ಕಟ್ ಮಾಡಿದ್ಲು. ಅವ್ವ ಸತ್ತ ಮ್ಯಾಲೆ ನನ್ನ ಸಾಕಿದೋಳು ಕಣಣ್ಣ ಅವಳು."

"...ಬಸ್ಸಿಗೆ ಮೂರು ಗಂಟೆ ಹಿಡೀತದೆ. ನೀನು ಹೋಗಿ ಹೇಳು, ಅದು ಮಿಷನ್ನು ಅಂತ. ... ಹೊಡೀತಾರೆ ಅಂತ ಭಯನಾ? ಥೂ. ... ಇಲ್ಲ, ಇಲ್ಲ, ಬಯ್ಯಲ್ಲ. ಇಡಬೇಡ ಫೋನು, ಕಾಲಿಗೆ ಬೀಳ್ತೀನಿ."

"...ಒಂದು ಕೆಲಸ ಮಾಡು. ನಿನ್ನ ನಂಬರಾದ್ರೆ ಎತ್ತುತಾಳೆ. ಮೂರೂ ಜನಕ್ಕೂ ಕೇಳಂಗೆ ಲೈನ್ ಸೇರ್ಸು. ಅವಳು ಏನಂತಾಳೋ ಅದನ್ನ ಅಲ್ಲೇ ಟೈಪ್ ಮಾಡಿ ಮಿಷನ್ ಕೈಲಿ ನನ್ನ ಗಂಟಲಿನಾಗೇ ಹೇಳ್ಸು. ಆಗಾದ್ರೂ ನಂಬ್ತಾಳೆ."

"...ಅಕ್ಕಾ, ಕಟ್ ಮಾಡ್ಬೇಡ. ಯಾವುದಾದ್ರೂ ಒಂದು ಮಾತು ಹೇಳು. ನಾನು ಬಾಯಿ ಬಿಡಲ್ಲ. ... ಅದೇ ಮಾತೇನಾ? ... ಸರೆ. ಟೈಪ್ ಮಾಡಣ್ಣ. ಅವಳಂದಂಗೇ ಮಾಡು."

ಅಂಜಿ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಫೋನಿನೊಳಗಿಂದ ಅವನದೇ ಗಂಟಲು, ಎಳ್ಳಷ್ಟೂ ನಡುಗದೆ, ಹೇಳಿತು: ನಂಗೆ ಅಕ್ಕ ಅನ್ನೋಳೇ ಇಲ್ಲ.

"...ಕೇಳುಸ್ತಾ ಅಕ್ಕಾ? ಅದು ನಾನಲ್ಲ. ಬೆಳಿಗ್ಗೇದೂ ನಾನಲ್ಲ. ... ಹಾಂ, ಇದು ನಾನೇ. ... ಇಲ್ಲ ಕಣಕ್ಕ, ದಯಣ್ಣ ಟೈಪ್ ಮಾಡ್ತಿಲ್ಲ, ನಾನೇ ಮಾತಾಡ್ತಿರಾದು. ... ಹೆಂಗೆ ನಂಬ್ಲಿ ಅಂದ್ರೆ..."

"...ಅಳ್ತಿರಾದೂ ಮಿಷನ್ನೇ ಅಂತೀಯಾ? ... ಅಕ್ಕಾ, ನಾನು ಕಣೇ, ನಾ..."