ನನ್ನಿವಾಳದ ಮನೆ ಎ.ಸಿ.

ಲೈಟ್ ಆರಿಸ್ರಿ. ಮೊಬೈಲೂ ಬೋರಲು ಹಾಕ್ರಿ... ಹಾಂ, ಈಗ ಕೇಳ್ರಿ.

ಇದು ನಮ್ಮ ಹಿಂದಿನ ಓಣಿಯ ಇಫ್ತಿಕಾರನಿಗೆ ಆದದ್ದು. ಚಳ್ಳಕೆರೆಯಲ್ಲಿ ಎ.ಸಿ., ಫ್ರಿಡ್ಜು ರಿಪೇರಿ ಮಾಡ್ತಾನಲ್ಲ, ಅವನೇ. ಹೋದ ಬೇಸಿಗೆಯ ಮಾತು.

ಅವತ್ತು ಕುದಾಪುರದ ಕಡೆ ಕೆಲಸ ಮುಗಿಸಿಕೊಂಡು ರಾತ್ರಿ ವಾಪಸ್ ಬರ್ತಿದ್ದ. ನನ್ನಿವಾಳ ಇನ್ನೇನು ಬಂತು ಅನ್ನುವಾಗ ಬೈಕು ಗುಕ್ ಗುಕ್ ಅಂದು ನಿಂತಿತು. ಪೆಟ್ರೋಲ್ ಖಾಲಿ. ಊರ ಎ.ಸಿ.ಗಳಿಗೆಲ್ಲ ಗ್ಯಾಸ್ ತುಂಬಿಸೋ ಪುಣ್ಯಾತ್ಮ, ತನ್ನ ಗಾಡಿಗೆ ಪೆಟ್ರೋಲ್ ಹಾಕಿಸೋದು ಮರೆತಿದ್ದ. ತಳ್ಳಿಕೊಂಡು ಹೊರಟ. ಬೇಸಿಗೆ ಪೂರ್ತಿ ನಿದ್ದೆಗೆಟ್ಟ ಮೈ. ಕಾಲು ಯಾರವೋ ಅನ್ನೋ ಹಂಗೆ ತಮ್ಮ ಪಾಡಿಗೆ ತಾವು ನಡೀತಿದ್ದವು.

ರಸ್ತೆ ಪಕ್ಕ ಒಂದು ಹಾಳು ಬಾವಿ. ಸುತ್ತ ಜಾಲಿ. ಚಕ್ರದ ಕಿರಕ್... ಕಿರಕ್... ಬಿಟ್ರೆ ಸದ್ದಿಲ್ಲ. ಬಾವಿ ಕಟ್ಟೆ ಮೇಲೆ ಯಾರೋ ಕೂತಿದ್ದರು. ಅಲ್ಲಾಡಲಿಲ್ಲ. ಇಫ್ತಿಕಾರ್ ನಿಂತ. ಅದೇ ಹೊತ್ತಿಗೆ ಅವನ ಜೇಬಿನಲ್ಲಿ ಫೋನು ಗ್ರ್‌ರ್... ಗ್ರ್‌ರ್... ಅಂತು. ಕಟ್ಟೆ ಮೇಲಿನ ಆಕಾರ ಕಿವಿಯಿಂದ ಮೊಬೈಲು ಇಳಿಸಿತು. ಗದ್ದದ ಕೆಳಗಿಂದ ಬೆಳಕು ಬಿದ್ದು ಮುಖ ಕಾಣಿಸಿತು.

ಬೊಮ್ಮಲಿಂಗಪ್ಪ. ಅದಕ್ಕೂ ಹಿಂದಿನ ವರ್ಷ ಅವನ ಮನೆಗೆ ಎ.ಸಿ. ಕೂರಿಸಿದ್ದೇ ಇಫ್ತಿಕಾರ್. ಊರೊಳಗೆ ಸಿಗ್ನಲ್ ಸಿಗಲ್ಲ ಅಂತ ಬಾವಿ ಹತ್ರ ಬಂದು ಕೂತಿದ್ದ.

"ನಿನಗೇ ಮಾಡ್ತಿದ್ದೆ," ಅಂದ, ಪಿಸುದನಿಯಲ್ಲಿ. "ಎ.ಸಿ. ಓಡ್ತಾ ಇಲ್ಲ ಕಣೋ. ಸ್ವಲ್ಪ ಹೊತ್ತು ಓಡ್ತೈತೆ, ಆಮ್ಯಾಲೆ ಆಫ್."

"ನಾಳೆ ಬರ್ತೀನಣ್ಣ. ಒಂದು ರಾತ್ರಿ ಫ್ಯಾನ್ ಹಾಕ್ಕಳ್ರಿ, ಸಾಯಲ್ಲ."

"ನಮಗಲ್ಲ... ಅವ್ವಗೆ."

"ಅವ್ವಗೆ ಏನಾಗೈತೆ?"

"ತೀರ್ಕಂಡ್ಳು. ಮಧ್ಯಾಹ್ನ."

ಬಸ್ಸು ಹೋಯ್ತು ಅನ್ನೋ ಹಂಗೆ ಹೇಳಿದ. ದನಿಯಲ್ಲಿ ಏನೂ ಇರಲಿಲ್ಲ.

ಸಂಗತಿ ಇಷ್ಟು. ಬೊಮ್ಮಲಿಂಗಪ್ಪನ ತಂಗಿ ಕಾಂಚನಾ. ಗಂಡ ಮಿಲಿಟರಿ, ಇರೋದು ಜೋಧಪುರದಲ್ಲಿ. ಸುದ್ದಿ ಮುಟ್ಟಿದ ಕೂಡಲೇ ವಿಮಾನ ಹಿಡಿದು ಹೊರಟಿದ್ದಾಳೆ, ಬೆಳಕು ಹರಿಯೋ ಹೊತ್ತಿಗೆ ಬರ್ತಾಳೆ. "ನಾನು ಬರೋತನಕ ಮಣ್ಣು ಮಾಡಬ್ಯಾಡ್ರಿ, ಅವ್ವನ ಮುಖ ನೋಡಬೇಕು" ಅಂದಿದ್ದಾಳೆ. ಹೆಣ ಇಡೋ ಫ್ರೀಜರ್ ಪೆಟ್ಟಿಗೆ ಕೇಳಿದರೆ ಬೇರೆ ಊರಿಗೆ ಹೋಗಿದೆ. ಬಿಸಿಲು ಎಂಥದು ಅಂತೀರಿ, ರಾತ್ರಿ ಕೂಡ ಗೋಡೆ ಮುಟ್ಟಿದರೆ ರೊಟ್ಟಿ ಹೆಂಚು. ಅದಕ್ಕೇ ಅವ್ವ ಉಚ್ಚಂಗೆಮ್ಮನನ್ನ ಎ.ಸಿ. ರೂಮಿನಲ್ಲಿ ಮಲಗಿಸಿದ್ದರು. ಎ.ಸಿ. ಕೈಕೊಟ್ಟರೆ... ಬೆಳಗ್ಗೆ ಮಗಳು ನೋಡೋದು ಅವ್ವನ ಮುಖ ಆಗಿರಲ್ಲ.

ಇಫ್ತಿಕಾರ್ ಬೈಕಿನಿಂದ ಟೂಲ್ ಬ್ಯಾಗ್ ತೆಗೆದು ಹೆಗಲಿಗೆ ಹಾಕಿಕೊಂಡ.

ಮನೆ ಕಟ್ಟೆ ಮೇಲೆ ಭಜನೆಯವರು ತಾಳ ಮಡಿಲಲ್ಲಿಟ್ಟು ತೂಕಡಿಸ್ತಿದ್ದರು. ಒಬ್ಬನಂತೂ ಹಾರ್ಮೋನಿಯಂ ಮೇಲೇ ತಲೆ ಇಟ್ಟಿದ್ದ, ಅದು ಆಗಾಗ ಗುಂಯ್ ಅನ್ನೋದು. ಒಳಗೆ ರೂಮಿನಲ್ಲಿ ಚಾಪೆ ಮೇಲೆ ಉಚ್ಚಂಗೆಮ್ಮ, ಬಿಳಿ ಪಂಚೆ ಹೊದ್ದು. ತಲೆ ಹತ್ರ ದೀಪ. ಎ.ಸಿ. ಗಾಳಿಗೆ ಆರಬಾರದು ಅಂತ ಅಡ್ಡ ಮೊರ ಇಟ್ಟಿದ್ದರು. ಬೊಮ್ಮಲಿಂಗಪ್ಪನ ಹೆಂಡತಿ ವನಜಾಕ್ಷಿ ಗೋಡೆಗೆ ಒರಗಿ ಕೂತಿದ್ದಳು. ಅತ್ತೂ ಅತ್ತೂ ಮುಗಿದುಹೋದ ಕಣ್ಣು.

ಇಫ್ತಿಕಾರ್ ಮೀಟರ್ ಹಚ್ಚಿ ನೋಡಿದ. ವೋಲ್ಟೇಜ್ ನೆಲಕ್ಕೆ ಬಿದ್ದಿತ್ತು. ಸ್ಟೆಬಿಲೈಜರು ಟಕ್... ಟಕ್... ಅಂತ ಎತ್ತಿ ನಿಲ್ಲಿಸೋಕೆ ನೋಡೋದು, ಆಗದೆ ಕೈಬಿಡೋದು.

"ತ್ರೀ ಫೇಸ್ ಕೊಟ್ಟವ್ರೆ ಅಣ್ಣ. ಸುತ್ತಲ ಬೋರುಗಳೆಲ್ಲ ಆಟೋ ಸ್ಟಾರ್ಟರ್‌ನಾಗೆ ಒಟ್ಟಿಗೇ ಎದ್ದವೆ. ಕರೆಂಟೆಲ್ಲ ಅವೇ ಕುಡೀತಾವೆ."

ಬೊಮ್ಮಲಿಂಗಪ್ಪ ಹೋಗಿ ಅಕ್ಕಪಕ್ಕದ ತೋಟದವರನ್ನ ಎಬ್ಬಿಸಿದ. ಸಾವಿನ ಮನೆ ಅಂದ ಮೇಲೆ ಯಾರೂ ಇಲ್ಲ ಅನ್ನಲಿಲ್ಲ. ದೂರದಲ್ಲಿ ಮೋಟರುಗಳು ಒಂದೊಂದಾಗಿ ಹೂಂ... ಅಂತ ಇಳಿದು ಸುಮ್ಮನಾದವು. ವೋಲ್ಟೇಜ್ ಏರಿತು. ಸ್ಟೆಬಿಲೈಜರ್ ತಡೆದು, ಯೋಚನೆ ಮಾಡಿ, ಟಕ್ ಅಂತ ಬಿಟ್ಟಿತು. ಹೊರಗೆ ಕಂಪ್ರೆಸರ್ ಗುರ್‌ರ್ ಅಂತು. ರೂಮು ತಣ್ಣಗಾಯಿತು.

ಆಮೇಲೆ ಮತ್ತೆ ನಿಂತಿತು.

ಮೇನ್ ಬೋರ್ಡಿನ ಮುಚ್ಚಳ ಬಿಚ್ಚಿದ. ಒಂದು ವೈರು ಸಡಿಲಾಗಿ ತುದಿ ಸುಟ್ಟು ಕರ್ರಗಾಗಿತ್ತು. ಚಿರ್‌ರ್ ಅಂತ ಸಣ್ಣಗೆ ಉರೀತಿತ್ತು. ಮೇನ್ ಆಫ್ ಮಾಡಿ, ಸುಟ್ಟದ್ದು ಕತ್ತರಿಸಿ, ಹೊಸದಾಗಿ ಕೆರೆದು, ಗಟ್ಟಿಯಾಗಿ ತಿರುಪಿದ.

"ಇನ್ನ ನಿಲ್ಲಲ್ಲ ಅಣ್ಣ. ನೀವು ಸ್ವಲ್ಪ ಒರಗ್ರಿ."

ಹೇಳಿ ಬಾಯಿ ಮುಚ್ಚಿಲ್ಲ...

ಪೀಂ.

ಎ.ಸಿ. ಆಫ್.

ಎ.ಸಿ. ಬಾಯಿಯ ಮುಚ್ಚಳ ಮೆಲ್ಲಗೆ ಕಿರ್‌ರ್ ಅಂತ ಮುಚ್ಚಿಕೊಂಡಿತು. ಇಫ್ತಿಕಾರ್ ಮೀಟರ್ ನೋಡಿದ. ಕರೆಂಟ್ ಐತೆ, ವೋಲ್ಟೇಜ್ ಸರಿ ಐತೆ. ಆಗ ಅವನ ತಲೆಗೆ ಹೊಳೆಯಿತು. ಕರೆಂಟ್ ಹೋದರೆ ಎ.ಸಿ. ಪೀಂ ಅನ್ನಲ್ಲ. ಹಂಗೇ ಸತ್ತುಹೋಗ್ತೈತೆ. ಪೀಂ ಅನ್ನೋದು ರಿಮೋಟ್ ಒತ್ತಿದಾಗ ಮಾತ್ರ.

ರಿಮೋಟ್ ಗೋಡೆಗೆ ನೇತುಹಾಕಿತ್ತು.

ಯಾರೋ ಮೊಬೈಲ್‌ನಾಗೆ ಆಟ ಆಡ್ತವ್ರೆ ಅಂದುಕೊಂಡ. ಅಂಥಾ ಫೋನುಗಳವೆ, ರಿಮೋಟ್ ಥರಾ ಕೆಲಸ ಮಾಡ್ತವೆ. ಟೀ ಅಂಗಡಿ ಟಿ.ವಿ. ಹಂಗೆ ಆರಿಸಿ ಒದೆ ತಿಂದವರು ಈ ಕೋಣೆಯಲ್ಲೇ ಒಬ್ಬರವ್ರೆ, ಹೆಸರು ಬ್ಯಾಡ. ಅವನು ಕಿಟಕಿ ಹಾಕಿದ. ಬಾಗಿಲು ಹಾಕಿದ. ಟೈಮರ್ ಇಲ್ಲ ಅಂತ ಖಾತ್ರಿ ಮಾಡಿಕೊಂಡ. ರಿಮೋಟಿನ ಸೆಲ್ ಕಿತ್ತು ಜೇಬಿಗೆ ಹಾಕಿಕೊಂಡ. ಎ.ಸಿ. ಮೈಯಲ್ಲೇ ಇರೋ ಗುಂಡಿ ಒತ್ತಿ ಚಾಲೂ ಮಾಡಿದ.

ಮೂರೂ ಜನ ಕೂತು ಎ.ಸಿ.ಯನ್ನೇ ನೋಡಿದರು.

ಪೀಂ.

ಇಫ್ತಿಕಾರ್‌ಗೆ ಹೆದರಿಕೆ ಬರಬೇಕಿತ್ತು, ಬರಲಿಲ್ಲ. ಕೈ ಮೇಲೇ ಮಲಗಿ ಮಲಗಿ ಜೋಮು ಹಿಡಿದರೆ ಹೆಂಗಿರ್ತದೆ, ಒಳಗೆಲ್ಲ ಹಂಗಿತ್ತು.

"ಎ.ಸಿ. ಒಳಗಿನ ಬೋರ್ಡು ಕೆಟ್ಟೈತೆ ಕಾಣ್ತದೆ," ಅಂದ. "ಬೋರ್ಡೇ ಬಿಟ್ಟು ಡೈರೆಕ್ಟ್ ವೈರ್ ಕೊಡ್ತೀನಿ. ಆಫ್ ಮಾಡಾಕೆ ಏನೂ ಇರಲ್ಲ ಆಗ."

"ಬ್ಯಾಡ ಇಫ್ತಿಕಾರಣ್ಣ," ಅಂದಳು ವನಜಾಕ್ಷಿ. ಅಲ್ಲಿತನಕ ಅವಳು ಬಾಯೇ ಬಿಟ್ಟಿರಲಿಲ್ಲ. "ಬೋರ್ಡು ಕೆಟ್ಟಿಲ್ಲ."

"ಮತ್ತೆ?"

"ಅತ್ತೆಗೆ ಚಳಿ ತಡ್ಕಳಾಕೆ ಆಗ್ತಿರಲಿಲ್ಲ. ಎಲ್ಲಾರೂ ಇದೇ ರೂಮಿನಾಗೆ ಮಲಗ್ತಿದ್ವಿ. ನಾವು ಹಾಕೋದು, ನಮಗೆ ನಿದ್ದೆ ಹತ್ತಿದ ಮ್ಯಾಲೆ ಅತ್ತೆ ಬಲಗೈ ಚಾಚಿ ರಿಮೋಟ್ ತಗಂಡು ಆರಿಸೋದು. ಬೆವತು ಎದ್ದೇಳೋದು ನಾವು."

"ಸುಮ್ನಿರೇ," ಅಂದ ಬೊಮ್ಮಲಿಂಗಪ್ಪ.

"ಆಮ್ಯಾಲೆ ರಿಮೋಟ್ ನನ್ನ ದಿಂಬಿನ ಕೆಳಗೆ ಇಟ್ಕಂಡೆ. ಅತ್ತೆ ಏನೂ ಅನ್ಲಿಲ್ಲ. ಮುದುರ್ಕಂಡು ಮಲಗ್ತಿದ್ರು."

ಹೇಳಿ ಎದ್ದು ಹೊರಗೆ ಹೋದಳು. ಹಗ್ಗದ ಮೇಲಿದ್ದ ಕರೀ ಕಂಬಳಿ ತಂದಳು. ದಪ್ಪನೆಯದು, ಕುರಿ ವಾಸನೆ ಇನ್ನೂ ಹೋಗಿಲ್ಲದ್ದು.

ಬೊಮ್ಮಲಿಂಗಪ್ಪ ಅಡ್ಡ ಬಂದ. "ಕಂಬಳಿ ಹೊದ್ಸಿದ್ರೆ ಕಾವಾಗಿ ಕೆಡ್ತೈತಲ್ಲೇ. ಕಾಂಚನಾಗೆ ಏನು ತೋರ್ಸಾನ?"

ಇಬ್ಬರೂ ಇಫ್ತಿಕಾರನ ಮುಖ ನೋಡಿದರು.

"ಕಂಬಳಿ ತಾನಾಗಿ ಕಾವು ಹುಟ್ಸಲ್ಲಣ್ಣ," ಅಂದ ಅವನು. "ಒಳಗಿರೋದನ್ನ ಹಿಡ್ಕಂತೈತೆ ಅಷ್ಟೆ. ಐಸಿಗೆ ಗೋಣಿ ಸುತ್ತಲ್ವಾ, ಹಂಗೆ. ಈಗ ಮೈ ತಣ್ಣಗೈತೆ, ತಣ್ಣಗೇ ಇರ್ತೈತೆ. ಹೊದ್ಸ್ರಿ."

ವನಜಾಕ್ಷಿ ಹೊದಿಸಿದಳು. ಕಾಲ ಬೆರಳಿನಿಂದ ಕತ್ತಿನ ತನಕ. ಮಕ್ಕಳಿಗೆ ಮಾಡೋ ಹಂಗೆ ಎರಡೂ ಪಕ್ಕ ಒತ್ತಿ ಒಳಗೆ ಸೇರಿಸಿದಳು. ಕಿವಿ ಹತ್ರ ಬಗ್ಗಿದಳು.

"ಅತ್ತೇ... ಕಾಂಚನಾ ದಾರಿಯಾಗವ್ಳೆ. ಇದೊಂದು ರಾತ್ರಿ ತಡ್ಕಳ್ರಿ."

ಇಫ್ತಿಕಾರ್ ಗುಂಡಿ ಒತ್ತಿದ. ಮುಚ್ಚಳ ತೆರೆಯಿತು. ಕಂಪ್ರೆಸರ್ ಹಿಡಿಯಿತು. ಕಾದರು... ಹೊರಗೆ ಎ.ಸಿ. ಪೈಪಿನಿಂದ ನೀರು ತೊಟ್... ತೊಟ್... ಅಂತ ಬಕೆಟ್ಟಿಗೆ ಬೀಳ್ತಿತ್ತು. ಬಕೆಟ್ಟಿನ ತಳ ಮುಚ್ಚಿತು, ಸದ್ದು ತೊಟ್ ಹೋಗಿ ಟುಳುಕ್ ಆಯಿತು. ಪೀಂ ಅನ್ನಲಿಲ್ಲ. ಬೆಳಗಿನ ತನಕ ಅನ್ನಲೇ ಇಲ್ಲ.

ಕೋಳಿ ಕೂಗಿದ ಮೇಲೆ ಕಾರು ಬಂತು. ಕಾಂಚನಾ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಳು. ರೂಮಿನಲ್ಲಿ ಹಲ್ಲು ಕಡಿಯೋವಷ್ಟು ಚಳಿ. ಅವ್ವನ ಮುಖ ಹಿಂದಿನ ದಿನ ಹೆಂಗಿತ್ತೋ ಹಂಗೇ ಇತ್ತು. ಪಕ್ಕದಲ್ಲಿ ಕೂತು ನೋಡಿದಳು, ಸುಮ್ಮನೆ ನೋಡಿದಳು. ಕಂಬಳಿ ಒಳಗೆ ಕೈ ಹಾಕಿ ಅವ್ವನ ಬಲಗೈ ಹುಡುಕಿ ಹಿಡಿದುಕೊಂಡಳು.

ತಲೆ ಎತ್ತಿ ಅಂದಳು, "ಅಣ್ಣಾ, ಅವ್ವನ ಕೈ ಬೆಚ್ಚಗೈತೆ."

ದಾರಿ ಸುಸ್ತು, ಅಳು, ಏನೋ ಅಂತಾಳೆ ಅಂದುಕೊಂಡ ಬೊಮ್ಮಲಿಂಗಪ್ಪ. ವನಜಾಕ್ಷಿ ಬಂದು ಮುಟ್ಟಿದಳು. ಅವಳ ಮುಖ ನೋಡಿ ಬೊಮ್ಮಲಿಂಗಪ್ಪನೂ ಮುಟ್ಟಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಇಫ್ತಿಕಾರನ್ನ ಕರೆದ. "ಬಾರಪ್ಪ, ನೀನೂ ನೋಡು."

ಊರಿನ ಡಾಕ್ಟರನ್ನ ಮತ್ತೆ ಕರೆಸಿದರು. ಅವರು ಕಣ್ಣು ಬಿಡಿಸಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ನಿನ್ನೆ ಹೇಳಿದ್ದನ್ನೇ ಹೇಳಿ ಕೈ ತೊಳೆದುಕೊಂಡು ಹೋದರು. ಮಧ್ಯಾಹ್ನ ಮಣ್ಣು ಮಾಡಿದರು. ಇಫ್ತಿಕಾರ್ ಗುಂಡಿ ತನಕ ಹೋಗಿ, ಮಣ್ಣು ಹಾಕಿ, ಯಾರದೋ ಬೈಕಿನಿಂದ ಪೆಟ್ರೋಲ್ ಇಳಿಸಿಕೊಂಡು ಮನೆಗೆ ಬಂದ. ಬಂದವನು ಎರಡು ದಿನ ಮಲಗಿದ.

ನಾನು ಹೇಳೋದರಲ್ಲಿ ಅರ್ಧ ಪುಂಗಿ ಅಂತ ನಿಮಗೆ ಗೊತ್ತು. ಇದು ಪುಂಗಿ ಅಲ್ಲ. ಅವನ ಅಂಗಡಿಗೆ ಹೋಗಿ ಕೇಳ್ರಿ, ನಿಂತ ನಿಲುವಿನಲ್ಲೇ ಹೇಳ್ತಾನೆ. ಮುಖ ಐಸು. ಕಾಲು ಕಟ್ಟಿಗೆ. ಎಡಗೈ ಮುಟ್ಟಿದರೆ ಕಬ್ಬಿಣ ಮುಟ್ಟಿದ ಹಂಗೆ.

ಬಲಗೈ ಮಾತ್ರ... ಈಗ ತಾನೇ ಬಿಸಿ ಲೋಟ ಕೆಳಗಿಟ್ಟವರ ಕೈ ಹೆಂಗಿರ್ತದೆ, ಹಂಗಿತ್ತಂತೆ.