ಹಾಲಸಿದ್ದ ಇಳಿಸದ ಸೂರ

ಬಾಗಲ ಚಿಲಕ ಹಾಕೀರೇನು? ಹಾಕಿದ್ರ ಹತ್ರ ಬರ್ರಿ. ಸಣ್ಣ ದನೀಲೆ ಹೇಳತೀನಿ. ಮೂರನೇ ಮನ್ಯಾಗ ಲಗಮವ್ವ ಇನ್ನೂ ಎಚ್ಚರ ಇರತಾಳ... ಅಕಿ ಕಿವಿ ಭಾಳ ಚುರುಕ.

ನಮ್ಮ ಕಾಕಾನ ಮಗ ಅಪ್ಪಾಸಾಬ, ತಬಲಾ ಬಾರಿಸತಿದ್ನಲ್ಲ, ಇದು ಅವನ ಕಣ್ಣ ಮುಂದ ಆದದ್ದು. ಹ್ವಾದ ವರ್ಷ, ದೀಪಾವಳಿ ಕಳದ ಮ್ಯಾಲ.

ಅವತ್ತ ಅಂವ, ಸನಾದಿ ಮುರಗೆಪ್ಪ, ಇಬ್ರೂ ಅಥಣಿ ಕಡೆ ಕಾರ್ಯಕ್ರಮ ಮುಗಿಸಿ ಬರಾಕತ್ತಿದ್ರು. ಅಕ್ಕೋಳ ಕ್ರಾಸಿನ್ಯಾಗ ಗಾಡಿ ಪಂಚರ ಆತು. ಡ್ರೈವರ ಜ್ಯಾಕ ಹಚ್ಚಾಕ ಕುಂತ. ಮುರಗೆಪ್ಪಗ ಮೊದಲಿಂದ ತಡಕೊಳ್ಳೂದು ಗೊತ್ತಿಲ್ಲ.

"ನಡೀಲೇ ಅಪ್ಪಾ, ಹಳೇ ಬಾವಿ ದಾರಿ ಹಿಡದ್ರ ಮನಿ ಬಂದ ಬಿಡತೈತಿ."

ಹಳೇ ಬಾವಿ... ಅದರ ಮಗ್ಗಲಕ ಆಲದ ಮರ. ಮರದ ಹಿಂದ ನಮ್ಮವರನ್ನ ಮಣ್ಣ ಮಾಡೂ ಜಾಗ. ಹಾಲಸಿದ್ದ ಅಲ್ಲೇ ಮಲಗಿದ್ದ.

ತಡೀರಿ, ಹಾಲಸಿದ್ದ ಯಾರಂತ ಮೊದಲ ಹೇಳಬೇಕು. ಇಲ್ಲಾಂದ್ರ ನಿಮಗ ಆ ಸಪ್ಪಳ ಏನಂತ ತಿಳಿಯೂದಿಲ್ಲ.

ಮುರಗೆಪ್ಪ ಲಗ್ನದ ಹಂದರದ ಮುಂದ ಸನಾದಿ ಊದಿ ಬೆಳದಾಂವ. ಬೀಗರೆಲ್ಲಾ ಉಂಡ ಮ್ಯಾಲ ಅವಂಗ ಎಲಿ. ಆಮ್ಯಾಲ ಮೀರಜಿಗೆ ಹೋದ, ಒಬ್ಬ ಉಸ್ತಾದರ ಮನ್ಯಾಗ ನೀರ ಹೊತ್ತು ರಾಗ ಕಲತ. ರೇಡಿಯೋದಾಗ ಬಂದ. ಪುಣೆ ಅಂದ್ರು, ಮುಂಬೈ ಅಂದ್ರು, ವಿಮಾನ ಹತ್ತಿಸಿದ್ರು. ಗ್ವಾಡಿ ಮ್ಯಾಲ ಹಚ್ಚೂ ಕಾಗದದಾಗ ಹೆಸರಿನ ಮುಂದ ಪಂಡಿತ ಅಂತ ಬಂತು. ನಮ್ಮ ಓಣ್ಯಾಗ ಪಂಡಿತ! ನಾವೆಲ್ಲಾ ಸಕ್ಕರಿ ಹಂಚಿದ್ವಿ.

ಆದ್ರ ಸನಾದಿ ಒಬ್ಬನಿಂದ ಆಗೂದಲ್ಲ ನೋಡ್ರಿ. ಹಿಂದ ಒಬ್ಬಾಂವ ಸೂರ ಹಿಡೀಬೇಕು. ತೂತಿಲ್ಲದ ಸನಾದಿ, ಒಂದ ಸ್ವರ. ರಾಗ ಮುಗಿಯೂತನಕ ಅದು ಕಡೀಬಾರದು. ಗಲ್ಲದಾಗ ಗಾಳಿ ತುಂಬಿ, ಮೂಗಿಲೆ ಉಸಿರ ಎಳಕೋತ, ಬಾಯಿಲೆ ಊದಕೋತ ಕುಂದರಬೇಕು. ಮುರಗೆಪ್ಪಗ ಹಂಗ ಸೂರ ಹಿಡದಾಂವ ಹಾಲಸಿದ್ದ. ಅವನ ತಂಗಿ ಲಗಮವ್ವನ ಗಂಡ. ಕಾರ್ಯಕ್ರಮ ಇಲ್ಲದಾಗ ನಿಪ್ಪಾಣಿ ತಂಬಾಕ ವಖಾರಿಗೆ ಹೋಗಿ ಚೀಲ ಹೊರತಿದ್ದ. ದವಡ್ಯಾಗ ಯಾವಾಗ್ಲೂ ತಂಬಾಕ. ವಖಾರಿ ಧೂಳ ಎದಿ ಹೊಕ್ಕು ದಮ್ಮ ಹತ್ತಿತ್ತು. ಅದಕ್ಕ ಅವನ ಸೂರ ನಾ ಕಣ್ಣ ಮುಚ್ಚಿ ಹೇಳತಿದ್ದೆ. ಗೂಂ... ಅಂತ ಹೋಗತಿತ್ತು, ಉಸಿರ ತಿರುಗೂ ಮುಂದ ಎದ್ಯಾಗ ಒಂದ ಸಣ್ಣ ಗೊರ್... ಮತ್ತ ಗೂಂ...

ಮುರಗೆಪ್ಪ, ಲಗಮವ್ವ, ಇವರ ಅಪ್ಪ ಸತ್ತೆಪ್ಪ ಒಂದ ಪದ್ಧತಿ ಹಾಕಿ ಹೋಗಿದ್ದ. ಸೂರದಾವಂಗ ತ್ರಾಸ ಆದ್ರ ಬಲಗೈಲೆ ಊದಾವನ ಮೊಣಕಾಲ ಮುಟ್ಟಬೇಕು. ಮುಟ್ಟಿದ ಕೂಡ್ಲೇ ಊದಾಂವ ರಾಗ ಮುಗಿಸಿ ಸನಾದಿ ಇಳಿಸಬೇಕು. ಅಂವ ಇಳಿಸೂತನಕ ಸೂರ ಮಾತ್ರ ಬಿಡಬಾರದು, ಜೀವ ಹ್ವಾದ್ರೂ.

ಕೊಲ್ಲಾಪುರದಾಗ ದೊಡ್ಡ ಕಾರ್ಯಕ್ರಮ. ಮಾಲಕಂಸ ರಾಗ ಹಿಡದಿದ್ದ ಮುರಗೆಪ್ಪ. ಮಂದಿ 'ಕ್ಯಾ ಬಾತ್, ಕ್ಯಾ ಬಾತ್' ಅನ್ನಾಕತ್ತಿದ್ರು. ಹಾಲಸಿದ್ದ ಮೊಣಕಾಲ ಮುಟ್ಟಿದ. ಮುರಗೆಪ್ಪ ಮೊಣಕಾಲ ಸರಿಸಿ ಕುಂತು ಇನ್ನೂ ಜೋರ ಮಾಡಿದ. ಮತ್ತ ಮುಟ್ಟಿದ... ಇಳಿಸಲಿಲ್ಲ. ಕಡೀಕ ಮುರಗೆಪ್ಪ ಸನಾದಿ ಇಳಿಸಿ ಕೈ ಮುಗದ. ಚಪ್ಪಾಳಿ. ಸೂರ ಇನ್ನೂ ನಡದಿತ್ತು. ಒಂದ ಉಸಿರ ಕಳದ ಮ್ಯಾಲ ನಿಂತಿತು... ಹಾಲಸಿದ್ದ ಮಗ್ಗಲಕ ವಾಲಿದ. ಬಾಯಾಗಿನ ಸೂರ ಹಲ್ಲಾಗ ಹಂಗ ಕಚ್ಚಿತ್ತು.

ಹೆಣ ಮನಿಗೆ ಬಂದಾಗ ಲಗಮವ್ವ ಅಳಲಿಲ್ಲ. ಅಣ್ಣನ ಎದುರ ನಿಂತು ಒಂದ ಕೇಳಿದಳು.

"ಅಣ್ಣಾ, ಅವರು ಮೊಣಕಾಲ ಮುಟ್ಟಿದ್ರೋ ಇಲ್ಲೋ?"

"ಇಲ್ಲವ್ವಾ. ಮುಟ್ಟಿದ್ರ ನಾ ಇಳಿಸತಿದ್ದಿಲ್ಲೇನು?"

ಅಕಿ ಗೋಣ ಹಾಕಿದಳು, ಅಷ್ಟ. ಮಣ್ಣ ಮಾಡೂ ಮುಂದ ಹಾಲಸಿದ್ದನ ಸೂರ ಅವನ ಕೈಯಾಗ ಇಟ್ಟಳು. ಎಂಜಲ ಅವಂದು, ಅವನ ಕೂಡನ ಹೋಗಲಿ ಅಂದಳು.

ಮುಂದ ಎಂಟ ದಿನಕ್ಕ ಮುರಗೆಪ್ಪನ ಮಗಳು ಸ್ನೇಹಲ ಮೊಬೈಲದಾಗ ಕೊಲ್ಲಾಪುರದ ವಿಡಿಯೋ ಹಚ್ಚಿ ಅಕಿಗೆ ತೋರಿಸಿದಳು. ಪಾಪ, ಅತ್ತಿ ನೋಡಿ ಸಮಾಧಾನ ಮಾಡಕೊಳ್ಳಲಿ ಅಂತ. ಕ್ಯಾಮೆರಾ ಎಲ್ಲಾ ಮುರಗೆಪ್ಪನ ಮಾರಿ ಮ್ಯಾಲ. ಹಾಲಸಿದ್ದನ ಮಾರಿ ಕಾಣೂದಿಲ್ಲ. ಆದ್ರ ಕೆಳಗ ಮೂಲ್ಯಾಗ ಒಂದ ಕೈ ಬರತೈತಿ... ಮೊಣಕಾಲ ಮುಟ್ಟತೈತಿ... ಮೊಣಕಾಲ ಸರೀತೈತಿ... ಕೈ ಮತ್ತ ಬರತೈತಿ.

ಲಗಮವ್ವ ಅದನ್ನ ಮತ್ತ ಮತ್ತ ಹಚ್ಚಿಸಿ ನೋಡಿದಳು. ಆಮ್ಯಾಲ ಮೊಬೈಲ ತಿರುಗಿಸಿ ಕೊಟ್ಟು, "ಸಾಕವಾ, ಚಹಾ ಕುಡಿ" ಅಂದಳು.

ಮುರಗೆಪ್ಪ ಹೊಸಾ ಮನಶಾನ್ನ ಹುಡುಕಲಿಲ್ಲ. ಸೆಲ್ಲ ಹಾಕೂ ಸೂರಪೆಟ್ಟಿಗಿ ತಂದ. ಗುಂಡಿ ಒತ್ತಿದ್ರ ಸೂರ ಬರತೈತಿ. ಕಟ್ಟಿ ಮ್ಯಾಲ ಕುಂತು ನಗತಿದ್ದ, "ಇದಕ್ಕ ಕೆಮ್ಮ ಇಲ್ಲ, ದಮ್ಮ ಇಲ್ಲ. ಮೊಣಕಾಲ ಮುಟ್ಟೂದಂತೂ ಇಲ್ಲ ನೋಡ್ರಿ!" ಅಂತ. ಲಗಮವ್ವ ಅಂಗಳ ಕಸಾ ಹೊಡೀತಿದ್ದಳು. ಕಸಬರಿಗಿ ನಿಂತಿತು, ಮತ್ತ ನಡೀತು.

ಹಾಂ... ಈಗ ಆ ಬಾವಿ.

ಮುರಗೆಪ್ಪನ ಹೆಗಲಾಗ ಜೋಳಿಗಿ, ಜೋಳಿಗ್ಯಾಗ ಸನಾದಿ ಮತ್ತ ಆ ಪೆಟ್ಟಿಗಿ. ಆಲದ ಕೆಳಗ ಬಂದ್ರು. ಜೀರಂಗಿ ಒದರಾಕತ್ತಿದ್ದು ಒಮ್ಮೆಲೆ ಗಪ್ಪ ಆತು.

ಗೂಂ...

"ಮಾಮಾ, ಪೆಟ್ಟಿಗಿ ಚಾಲೂ ಆಗೇತಿ" ಅಂದ ಅಪ್ಪಾಸಾಬ.

ಮುರಗೆಪ್ಪ ತಗದು ನೋಡಿದ. ದೀಪ ಆರಿತ್ತು. ಗುಂಡಿ ಒತ್ತಿದ. ಒತ್ತಿ ಬಿಟ್ಟ. ಗೂಂ... ನಿಲ್ಲಲಿಲ್ಲ. ಹಿಂದಿನ ಮುಚ್ಚಳ ತಗದು ಸೆಲ್ಲ ನೆಲಕ್ಕ ಉದುರಿಸಿದ. ಟಪ್... ಟಪ್...

ಗೂಂ... ಗೊರ್... ಗೂಂ...

ಅಪ್ಪಾಸಾಬ ಹಿಂದಕ್ಕ ಸರದ. ಪೆಟ್ಟಿಗಿಗೆ ಎಲ್ಲಿ ದಮ್ಮ ಇರತೈತಿ?

"ಓಡೂಣ ಮಾಮಾ..."

ಮುರಗೆಪ್ಪ ಓಡಲಿಲ್ಲ. ಬಾವಿ ಕಟ್ಟಿ ಮ್ಯಾಲ ಕುಂತ. ಕುಂತ ಅಂದ್ರ ತಾನಾಗಿ ಕುಂತಂಗ ಇರಲಿಲ್ಲಂತ, ಯಾರೋ ಹೆಗಲ ಒತ್ತಿ ಕುಂದರಿಸಿದಂಗ. ಜೋಳಿಗ್ಯಾಗಿಂದ ಸನಾದಿ ತಗದ. ತುಟಿಗೆ ಹಚ್ಚಿದ. ಮಾಲಕಂಸ ಸುರು ಆತು.

ಅಂಥಾ ಮಾಲಕಂಸ ಜನ್ಮದಾಗ ಕೇಳಿಲ್ಲ ಅಂತಾನ ಅಪ್ಪಾಸಾಬ. ಆದ್ರ ಕಣ್ಣ... ಮುರಗೆಪ್ಪನ ಕಣ್ಣ ಹೊರಗ ಬಂದಿದ್ವು. ನಿಲ್ಲಸಬೇಕಂತಾನ, ಬಾಯಿ ಬಿಡೂದಿಲ್ಲ. ಅಪ್ಪಾಸಾಬ ಸನಾದಿ ಹಿಡದ ಎಳದ. ಬರಲಿಲ್ಲ. ತುಟಿ ತುದ್ಯಾಗ ರಕ್ತ ಬಂತು. ಆಗ ಮುರಗೆಪ್ಪ ಬಲಗೈ ಬಿಟ್ಟು, ಮಗ್ಗಲಕ, ಯಾರೂ ಇಲ್ಲದಲ್ಲೆ... ತಟ್ಟಾಕ ಹತ್ತಿದ. ಮೊಣಕಾಲ ಮುಟ್ಟೂವಂಗ. ಒಂದ ಸರತಿ... ತಡದು, ಮತ್ತೊಂದ ಸರತಿ...

ಸೂರ ಇಳೀಲಿಲ್ಲ.

ಅಪ್ಪಾಸಾಬ ಎದ್ದನೋ ಬಿದ್ದನೋ ಓಡಿ ಬಂದು ಲಗಮವ್ವನ ಬಾಗಲ ಬಡದ. ಅಕಿ ಸೀರಿ ಸೆರಗ ಸರಿ ಮಾಡಕೊಂಡು, ಮಲಗಿ ಎದ್ದಾಕಿ ಹಂಗ ಅಲ್ಲ, ಕುಂತ ಎದ್ದಾಕಿ ಹಂಗ ಬಂದಳು.

"ಚಿಗವ್ವಾ, ಬಾವೀ ಕಡೆ ಬಾ! ಹಾಲಸಿದ್ದ ಕಾಕಾಗ ಹೇಳ, ಬಿಡ ಅಂತ ಹೇಳ. ನಿನ್ನ ಮಾತ ಕೇಳತಾನ. ನಿಮ್ಮ ಅಣ್ಣ ಸಾಯತಾನ ಬೇ!"

ಅಕಿ ಕಿವಿ ಕೊಟ್ಟು ನಿಂತಳು. ಗಾಳ್ಯಾಗ ಸಣ್ಣಾಗಿ ಸನಾದಿ ಕೇಳಸತಿತ್ತು.

"ಮೊಣಕಾಲ ಮುಟ್ಯಾನ?"

"ಮುಟ್ಯಾನ! ಮುಟ್ಟಾಕತ್ತಾನ!"

"ಅವರೂ ಮುಟ್ಟಿದ್ರು, ಅಪ್ಪಾ."

"ಒಡಹುಟ್ಟಿದಾಂವ ಚಿಗವ್ವಾ..."

"ಅದಕ್ಕ ಅವಂಗ ಒಂದ ಸರತಿ ಕೇಳಿದ್ನಿ. ಬ್ಯಾರೇದಾವಂಗ ಕೇಳತಿದ್ದಿಲ್ಲ."

ಬಾಗಲ ಹಾಕಿದಳು. ಒಳಗಿಂದ ಚಿಲಕ... ಕಟಕ್.

ಅಪ್ಪಾಸಾಬ ನಮ್ಮನ್ನ ಎಬ್ಬಿಸಿದ. ನಾನು, ಮಗ್ಗಲ ಮನಿ ಸಾವಕ್ಕ, ನಾಕ ಗಂಡಸರು ಬ್ಯಾಟ್ರಿ ಹಿಡಕೊಂಡು ಹೋದ್ವಿ. ನಾವು ಆಲದ ಮರ ಮುಟ್ಟೂದಕ್ಕ ಸನಾದಿ ನಿಂತಿತು. ಕಲ್ಲ ಮ್ಯಾಲ ಬಿದ್ದ ಸಪ್ಪಳ ಕೇಳಿದ್ವಿ, ಖಣ್... ಅಂತ. ಅದು ಬಿದ್ದ ಮ್ಯಾಲೂ ಸೂರ ಒಂದ ಉಸಿರ ನಡದಿತ್ತು. ಗೂಂ... ಆಮ್ಯಾಲ ಅದೂ ಇಳೀತು. ಮೊದಲ ಸನಾದಿ, ಹಿಂದಿಂದ ಸೂರ. ಸತ್ತೆಪ್ಪನ ಪದ್ಧತಿ ತಪ್ಪಲಿಲ್ಲ.

ಮುರಗೆಪ್ಪ ಕುಂತಲ್ಲೇ ಹೋಗಿದ್ದ. ಡಾಕ್ಟರ ಹಾರ್ಟ ಅಂದ್ರು. ಪೇಪರದಾಗ ಫೋಟೋ ಬಂತು, ಮಂದಿ ಹಾರ ತಂದ್ರು. ಲಗಮವ್ವ ಎಲ್ಲಾರಿಗೂ ಚಹಾ ಮಾಡಿ ಕೊಟ್ಟಳು.

ಸುಳ್ಳಂತೀರಿ? ಚಿಕ್ಕೋಡಿ ಸ್ಟ್ಯಾಂಡ ಮುಂದ ಅಪ್ಪಾಸಾಬ ಬಾಳಿಹಣ್ಣ ಮಾರತಾನ, ಹೋಗಿ ಕೇಳ್ರಿ. ತಬಲಾ ಮುಟ್ಟಿಲ್ಲ ಅಂವ ಅವತ್ತಿಂದ. ಅವನ ಮಾತ ಬ್ಯಾಡ, ನನ್ನ ಮಾತ ಕೇಳ್ರಿ. ಮುರಗೆಪ್ಪ ಜನ್ಮದಾಗ ತಂಬಾಕ ತಿಂದಾಂವಲ್ಲ. ಅಪ್ಪಾಸಾಬ ಮಾಳಕರಿ, ವಿಠ್ಠಲನ ತುಳಸಿ ಮಾಲಿ ಹಾಕಿದಾಂವ, ಚಹಾನೂ ಮುಟ್ಟೂದಿಲ್ಲ. ಆದ್ರ ಅವತ್ತ ಬ್ಯಾಟ್ರಿ ಬೆಳಕಿನ್ಯಾಗ ನಾನ ನೋಡೀನಿ, ಮುರಗೆಪ್ಪ ತಟ್ಟಾಕತ್ತಿದ್ನಲ್ಲ ಆ ಮಗ್ಗಲಕ, ಬಾವಿ ಕಟ್ಟಿ ಮ್ಯಾಲ ತಂಬಾಕಿನ ಉಗುಳ ಇತ್ತು. ಮುಟ್ಟಿ ನೋಡಿದೆ, ಬೆರಳಿಗೆ ಹತ್ತಿತು.

ಬೆಚ್ಚಗಿತ್ತು.