ನಾಲ್ಕು ನಿಮಿಷ ಹತ್ತು ಸೆಕೆಂಡು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಮ್ಮನವರಿಗೆ, ಅವರ ಮಗಳಿಗೆ, ಅಳಿಯನಿಗೆ — ಇಂಥ ದಿನ ಹೇಗೆ ನಮಸ್ಕಾರ ಹೇಳಬೇಕೋ ನನಗೆ ತಿಳಿಯದು, ಆದರೂ ನಮಸ್ಕಾರ. ನಮ್ಮ ಕಚೇರಿಯ ಮುಖ್ಯಾಧಿಕಾರಿಗಳಿಗೆ, ಈ ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೆ, ಮೇಷ್ಟ್ರುಗಳಿಗೆ, ಮಕ್ಕಳ ತಂದೆತಾಯಿಯರಿಗೆ ನಮಸ್ಕಾರ.

ಮೊದಲು ಒಂದು ಕ್ಷಮೆ ಕೇಳಬೇಕು. ನಿಮ್ಮನ್ನೆಲ್ಲ ಬಿಸಿಲಿನಲ್ಲಿ ಕೂರಿಸಿದ್ದೇವೆ. ಶಾಲೆಗೆ ಸಭಾಂಗಣ ಇಲ್ಲವೆಂದಲ್ಲ. ಇದೆ. ಅಲ್ಲಿ, ನಿಮ್ಮ ಬೆನ್ನ ಹಿಂದೆ, ಮೇಲಿನ ಮಹಡಿಯಲ್ಲಿ. ವೇದಿಕೆ ಇದೆ, ಆರು ಫ್ಯಾನುಗಳಿವೆ. ಬೀಗವೂ ಇದೆ. ಬೀಗ ಹಾಕಿದವರು ಮುಖ್ಯೋಪಾಧ್ಯಾಯಿನಿ. ಅದನ್ನು ತೆಗೆಯಬೇಡಿ ಎಂದವರು ನಮ್ಮ ಸರ್. ಈ ಸಭೆಯನ್ನು ಅಲ್ಲೇ ನಡೆಸೋಣ, ಒಂದು ದಿನಕ್ಕೆ ಬೀಗ ತೆಗೆಸೋಣ ಎಂದು ಕಚೇರಿಯಲ್ಲಿ ಮಾತು ಬಂತು. ಅವರ ಶ್ರದ್ಧಾಂಜಲಿಗೆಂದು ನೂರೈವತ್ತು ಜನರನ್ನು ಆ ಮೆಟ್ಟಿಲು ಹತ್ತಿಸಿದ್ದರೆ, ಸರ್ ಅಳತೆ ಟೇಪು ಹಿಡಿದು ಎದ್ದೇ ಬರುತ್ತಿದ್ದರೇನೋ.

ನಗಬಹುದು. ಅವರೂ ನಗುತ್ತಿದ್ದರು.

ನಾನು ಅವರ ಕೈಕೆಳಗೆ ಮೂರೂವರೆ ವರ್ಷ ಕೆಲಸ ಮಾಡಿದವಳು. ಸರ್ಕಾರಿ ಶಾಲೆಗಳ ಕಟ್ಟಡ ವಿಭಾಗದಲ್ಲಿ ಅವರು ಎಂಜಿನಿಯರು, ನಾನು ಪತ್ರ ಬರೆಯುವ ಸಹಾಯಕಿ. ಓದಿದ್ದು ಸಾಹಿತ್ಯ. ನಾಲ್ಕು ಜನರ ಮುಂದೆ ಬಾಯಿ ಬಿಡುವ ಅಭ್ಯಾಸ ನನಗಿಲ್ಲ. "ನೀನು ಚೆನ್ನಾಗಿ ಬರೀತೀಯಲ್ಲಮ್ಮ, ನೀನೇ ಮಾತಾಡು" ಎಂದು ಕಚೇರಿಯವರು ಈ ಹಾಳೆ ಕೊಟ್ಟಿದ್ದಾರೆ. ಇದರಲ್ಲಿ ಕರ್ತವ್ಯನಿಷ್ಠೆ, ಸರಳ ಸಜ್ಜನಿಕೆ, ತುಂಬಲಾರದ ನಷ್ಟ ಎಲ್ಲವೂ ಇದೆ. ಸುಳ್ಳು ಒಂದೂ ಇಲ್ಲ. ಆದರೆ ಇದನ್ನು ಓದಿ ಕುಳಿತುಬಿಟ್ಟರೆ, ಮನೆಗೆ ಹೋದ ಮೇಲೆ ನನಗೆ ಊಟ ಸೇರುವುದಿಲ್ಲ. ಆದ್ದರಿಂದ ಹಾಳೆಯನ್ನು ಇಲ್ಲಿಡುತ್ತೇನೆ.

ಕಚೇರಿಯಲ್ಲಿ ಅವರಿಗೆ ಟೇಪಣ್ಣ ಎಂದು ಹೆಸರು. ಎದುರಿಗೆ ಸರ್, ಹಿಂದಿನಿಂದ ಟೇಪಣ್ಣ. ಎಡಜೇಬಿನಲ್ಲಿ ಟೇಪು ಯಾವಾಗಲೂ ಇರುತ್ತಿತ್ತು. ಅದರ ಭಾರಕ್ಕೆ ಅವರ ಅಂಗಿಗಳೆಲ್ಲ ಒಂದೇ ಕಡೆ ಜೋತು ಬಿದ್ದಿದ್ದವು. ಮಗಳ ಮದುವೆಯ ದಿನ ಛತ್ರದ ಹಿಂಬಾಗಿಲನ್ನು ಅಳೆದರಂತೆ. ಅಮ್ಮ ಬೈದರಂತೆ — "ಬೀಗರು ನೋಡ್ತಿದಾರೆ, ಅದನ್ನ ಒಳಗಿಡ್ರೀ." ಅದಕ್ಕೆ ಇವರು, "ಬೀಗರೂ ಆ ಬಾಗಿಲಲ್ಲೇ ಹೊರಗೆ ಹೋಗ್ಬೇಕಲ್ಲ ಕಣೇ" ಎಂದರಂತೆ.

ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅವರು ನನ್ನನ್ನು ಕರೆದುಕೊಂಡು ಬಂದದ್ದು ಈ ಶಾಲೆಗೆ. ಮೇಲೆ ಐದು ತರಗತಿ, ಒಂದು ಸಭಾಂಗಣ. ಇನ್ನೂರ ಹನ್ನೊಂದು ಮಕ್ಕಳು. ಇಳಿಯಲು ಒಂದೇ ಮೆಟ್ಟಿಲು. ಅದರ ಅಗಲ ಎಷ್ಟೆಂದರೆ — ಇಷ್ಟು. ಬ್ಯಾಗು ಹಾಕಿಕೊಂಡ ಇಬ್ಬರು ಮಕ್ಕಳು ಅಕ್ಕಪಕ್ಕ ಬಂದರೆ ಸಿಕ್ಕಿಕೊಳ್ಳುವಷ್ಟು. ಆ ಮೆಟ್ಟಿಲ ಕೆಳಗೇ ಇಡೀ ಶಾಲೆಯ ಕರೆಂಟಿನ ಪೆಟ್ಟಿಗೆ. ಬೆಂಕಿ ಹತ್ತಿದರೆ ಮೊದಲು ಹತ್ತುವುದು ಎಲ್ಲಿಗೆಂದು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ನನಗೂ ತಿಳಿಯಿತು.

ಅವತ್ತು ಸರ್ ಆಟದ ಮೇಷ್ಟ್ರ ಹತ್ತಿರ ಓಟದ ಗಡಿಯಾರ ಕೇಳಿ ತಂದರು. ಮಕ್ಕಳಿಗೆ ಮೊದಲೇ ಹೇಳದೆ ಗಂಟೆ ಹೊಡೆಸಿದರು. ಮಕ್ಕಳು ಇಳಿದರು. ಕೂಗಾಟ, ನೂಕಾಟ, ನಗು. ಸರ್ ಮೆಟ್ಟಿಲ ಬುಡದಲ್ಲಿ ನಿಂತಿದ್ದರು, ಕಣ್ಣು ಮಕ್ಕಳ ಕಾಲಿನ ಮೇಲೆ. ಎಲ್ಲರೂ ಇಳಿದರು ಎಂದುಕೊಂಡೆವು. ಆಗ ಒಬ್ಬ ಪುಟ್ಟ ಹುಡುಗಿ ನೀರಿನ ಬಾಟಲಿ ಹಿಡಿದು ನಿಧಾನವಾಗಿ ಇಳಿದು ಬರತೊಡಗಿದಳು. ಮರೆತಿದ್ದ ಬಾಟಲಿಗಾಗಿ ಅರ್ಧ ದಾರಿಯಿಂದ ವಾಪಸು ಹತ್ತಿದ್ದಳು. ಮುಖ್ಯೋಪಾಧ್ಯಾಯಿನಿಯವರು ಗದರಿದರು — "ಅಲ್ವೇ, ಗಂಟೆ ಹೊಡೆದ್ರೆ ಬಾಟ್ಲು ಮುಖ್ಯಾನಾ ನಿಂಗೆ?"

ಹುಡುಗಿ ಹೇಳಿದಳು: "ಕಳೆದು ಹೋದ್ರೆ ಅಮ್ಮ ಹೊಡೀತಾಳೆ ಮಿಸ್."

ಅವಳ ಕಾಲು ನೆಲ ಮುಟ್ಟಿದಾಗ ಸರ್ ಗಡಿಯಾರ ನಿಲ್ಲಿಸಿದರು. "ಬೈಬೇಡಿ ಮೇಡಂ. ನಿಜವಾಗ್ಲೂ ಬೆಂಕಿ ಬಿದ್ರೂ ಇವಳು ಹೀಗೇ ವಾಪಸ್ ಹೋಗ್ತಾಳೆ. ಆ ಹೊತ್ತೂ ಸೇರ್ಬೇಕು" ಎಂದರು.

ನಾಲ್ಕು ನಿಮಿಷ ಹತ್ತು ಸೆಕೆಂಡು.

ನೆನಪಿಟ್ಟುಕೊಳ್ಳಿ. ನಾಲ್ಕು ನಿಮಿಷ ಹತ್ತು ಸೆಕೆಂಡು.

ಅವರು ಕೇಳಿದ್ದು ಒಂದೇ. ಕಟ್ಟಡದ ಆ ತುದಿಗೆ, ಹೊರಗಡೆಯಿಂದ, ಇನ್ನೊಂದು ಕಬ್ಬಿಣದ ಮೆಟ್ಟಿಲು. ಅಷ್ಟೇ. ಶಾಲಾ ಕಟ್ಟಡಗಳ ಸುರಕ್ಷತೆಗೆಂದೇ ಒಂದು ನಿಧಿ ಇದೆ. ಅರ್ಜಿ ನಾನೇ ಬರೆದೆ. ನಾಲ್ಕು ನಿಮಿಷ ಹತ್ತು ಸೆಕೆಂಡು ಎಂದು ಬರೆಯಲು ಅರ್ಜಿಯಲ್ಲಿ ಜಾಗವೇ ಇರಲಿಲ್ಲ. ಸರ್ ಅದನ್ನು, ಬಾಟಲಿ ಹುಡುಗಿಯ ಸಮೇತ, ಅಂಚಿನಲ್ಲಿ ಬರೆದರು. ಮೇಲಿನ ಕಚೇರಿಯಿಂದ ಒಬ್ಬರು ಫೋನು ಮಾಡಿ, "ಆ ಬಾಟ್ಲು ಹುಡುಗೀನ ಬಿಟ್ರೆ ಮೂರೂವರೆ ನಿಮಿಷ ಆಗತ್ತಲ್ರೀ?" ಎಂದು ಕೇಳಿದರು. ಸರ್ ಹೇಳಿದರು: "ಅವಳನ್ನ ಬಿಡೋಕೆ ಆಗಲ್ಲ ಅಂತಾನೇ ಸ್ವಾಮಿ ಮೆಟ್ಟಿಲು ಕೇಳ್ತಿರೋದು."

ಮೊದಲ ವರ್ಷ ಅರ್ಜಿ ವಾಪಸು ಬಂತು. ಮೂವತ್ತು ವರ್ಷ ದಾಟಿದ ಕಟ್ಟಡಗಳಿಗೆ ಆದ್ಯತೆ. ನಮ್ಮದಕ್ಕೆ ಇಪ್ಪತ್ತೇಳು. ಕಟ್ಟಡಕ್ಕಿನ್ನೂ ವಯಸ್ಸಾಗಿಲ್ಲ. "ಮದುವೆಗೆ ವಯಸ್ಸು ನೋಡ್ತಾರೆ, ಸರಿ. ಇದಕ್ಕೂ ನೋಡ್ತಾರಾ?" ಎಂದು ಸರ್ ನಕ್ಕರು. ಆಗ ಅವರಿಗೆ ನಗು ಬರುತ್ತಿತ್ತು.

ಎರಡನೇ ವರ್ಷ — ಹಣ ಬಂತು. ಹೌದು, ಬಂತು. ಲೆಕ್ಕದ ವರ್ಷ ಮುಗಿಯಲು ಒಂಬತ್ತು ದಿನ ಇರುವಾಗ ಬಂತು. ಒಂಬತ್ತು ದಿನದಲ್ಲಿ ಖರ್ಚು ಮಾಡಬೇಕು, ಇಲ್ಲದಿದ್ದರೆ ವಾಪಸು. ಒಂಬತ್ತು ದಿನದಲ್ಲಿ ಮೆಟ್ಟಿಲು ಆಗುತ್ತದೆಯೇ? ಟೆಂಡರೂ ಆಗುವುದಿಲ್ಲ. ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲು ಬಿಡಿ ಎಂದು ಸರ್ ಮೂರು ಮೇಜುಗಳ ಮುಂದೆ ನಿಂತರು. ಬಿಡಲಿಲ್ಲ. ಒಂಬತ್ತು ದಿನದಲ್ಲಿ ಸಿಗುವಂಥದ್ದು ಏನಿದೆಯೋ ಅದನ್ನು ಕೊಂಡರು — ಬೆಂಕಿ ಆರಿಸುವ ಕೆಂಪು ಸಿಲಿಂಡರು, ಹನ್ನೊಂದು, ಉಳಿದದ್ದಕ್ಕೆ ಸುಣ್ಣಬಣ್ಣ. ಆ ಸಿಲಿಂಡರುಗಳು ಈಗಲೂ ಮೇಲೆ, ಬೀಗದ ಒಳಗೆ, ಗೋಡೆಯಲ್ಲಿ ನೇತಾಡುತ್ತಿವೆ. ಅವಧಿ ಮುಗಿದಿದೆ. ಶಾಲೆ ನೋಡಲು ಚೆನ್ನಾಗಿ ಕಾಣುತ್ತದೆ ಎಂದು ಇವತ್ತು ಬಂದವರೆಲ್ಲ ಹೇಳಿದಿರಿ. ಅದು ಆ ಬಣ್ಣ.

ಮೂರನೇ ವರ್ಷ — ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತಪ್ಪು ನನ್ನದೂ ಇದೆ.

ಒಂದು ದಿನ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಿಂದ ಹೊಗೆ ಬಂತು. ಬೆಂಕಿಯಲ್ಲ, ಹೊಗೆ. ಭಾನುವಾರ, ಶಾಲೆ ಖಾಲಿ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಎಲ್ಲರೂ ಕೈತೊಳೆದುಕೊಂಡರು. ಮುಖ್ಯೋಪಾಧ್ಯಾಯಿನಿಯವರು ಮಾತ್ರ ಸೋಮವಾರ ಬೆಳಿಗ್ಗೆ ಮೇಲಿನ ಮಹಡಿಗೆ ಬೀಗ ಹಾಕಿದರು. ಕೆಳಗಿನ ಕೋಣೆಗಳಲ್ಲೇ ಎರಡು ಪಾಳಿ ಶುರು ಮಾಡಿದರು. ಬೆಳಿಗ್ಗೆ ಅರ್ಧ, ಮಧ್ಯಾಹ್ನ ಅರ್ಧ.

ಅರ್ಜಿಯ ಮೊದಲ ಪ್ರಶ್ನೆ ಏನು ಗೊತ್ತೇ? ಅಪಾಯವಿರುವ ಭಾಗವನ್ನು ಈಗ ಬಳಸುತ್ತಿರುವ ಮಕ್ಕಳ ಸಂಖ್ಯೆ. ಮಕ್ಕಳು ಹೆಚ್ಚಿದಷ್ಟೂ ಅಂಕ ಹೆಚ್ಚು, ಅಂಕ ಹೆಚ್ಚಿದಷ್ಟೂ ಪಟ್ಟಿಯಲ್ಲಿ ಮೇಲೆ. ಈಗ ಮೇಲೆ ಎಷ್ಟು ಮಕ್ಕಳು? ಒಬ್ಬರೂ ಇಲ್ಲ. ಅಂದರೆ ಅಪಾಯವೂ ಇಲ್ಲ. ಅಂದರೆ ಮೆಟ್ಟಿಲೂ ಬೇಡ.

ಮುಖ್ಯೋಪಾಧ್ಯಾಯಿನಿಯವರು ನಮ್ಮ ಮೇಜಿನ ಮುಂದೆ ನಿಂತು ಕೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. "ಮಕ್ಕಳನ್ನ ಕಾಪಾಡಿದ್ದೇ ನನ್ನ ತಪ್ಪಾಯ್ತಾ ಸರ್?"

ನಾನು ಆ ಜಾಗದಲ್ಲಿ ಇನ್ನೂರ ಹನ್ನೊಂದು ಎಂದು ಬರೆದೆ. ಯಾರೂ ಹೇಳಿಕೊಡಲಿಲ್ಲ, ನಾನಾಗಿಯೇ ಬರೆದೆ. ಹಿಂದಿನ ವರ್ಷದ ಸಂಖ್ಯೆ, ಹಾಗೇ ಉಳಿದುಹೋಯಿತು ಎಂದರಾಯಿತು ಎಂದುಕೊಂಡೆ. ಸಹಿಗೆ ಇಟ್ಟೆ. ಸರ್ ಓದಿದರು. ಕನ್ನಡಕ ತೆಗೆದರು. ಗೆರೆ ಎಳೆದು, ಮೇಲೆ ಸೊನ್ನೆ ಬರೆದರು.

ನಾನು ಯಾವತ್ತೂ ಅವರಿಗೆ ಎದುರು ಮಾತಾಡಿದವಳಲ್ಲ. ಅವತ್ತು ಮಾತಾಡಿದೆ. "ಸರ್, ಒಂದು ಸುಳ್ಳಿಗೆ ಒಂದು ಮೆಟ್ಟಿಲು ಬರತ್ತೆ. ಬರಲಿ ಬಿಡಿ."

"ಬರತ್ತೆ. ಅದಕ್ಕೆ ಮುಂಚೆ ಪರಿಶೀಲನೆಗೆ ಬರ್ತಾರೆ. ಆವತ್ತು ಮಕ್ಕಳನ್ನ ಮೇಲೆ ಕೂರಿಸ್ಬೇಕು. ಒಂದು ದಿನವೋ, ಒಂದು ವಾರವೋ. ಬೀಗ ತೆಗೆದು ಅವರನ್ನ ಹತ್ತಿಸೋದು ಯಾರಮ್ಮ? ನೀನಾ?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಆ ಬಾಟ್ಲು ಹುಡುಗಿ ಈಗ ಐದನೇ ಕ್ಲಾಸು" ಎಂದರು. ಸಹಿ ಮಾಡಿ ಕಳಿಸಿದರು. ಸೊನ್ನೆ ಯಾಕೆ ಸೊನ್ನೆಯಾಯಿತು ಎಂದು ವಿವರಿಸುವ ಎರಡು ಪುಟ ನನ್ನ ಕೈಯಲ್ಲೇ ಬರೆಸಿ ಜೊತೆಗೆ ಲಗತ್ತಿಸಿದರು. ಆ ಎರಡು ಪುಟವನ್ನು ಯಾರೂ ಓದಲಿಲ್ಲ. 'ಬಳಕೆಯಲ್ಲಿಲ್ಲದ ಭಾಗ' ಎಂಬ ಎರಡು ಪದಗಳ ಉತ್ತರ ಬಂತು.

ನಿಜ ಹೇಳುತ್ತೇನೆ, ಅಮ್ಮ, ತಪ್ಪು ತಿಳಿಯಬೇಡಿ — ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ. ಅವರು ಮಾಡಿದ್ದು ಸರಿ ಎಂದು ಗೊತ್ತು. ಗೊತ್ತಿದ್ದೂ ಸಿಟ್ಟಿದೆ. ಯಾಕೆಂದರೆ ಬೀಗ ಹಾಕಿದ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. ಮಧ್ಯಾಹ್ನದ ಪಾಳಿ ಬಿಡುವಾಗ ಹೊತ್ತು ಮುಳುಗಿರುತ್ತದೆ. ದೂರದಿಂದ ಬರುವ ಹೆಣ್ಣುಮಕ್ಕಳನ್ನು ಮನೆಯವರು ನಿಲ್ಲಿಸಿದರು. ಕೆಲಸಕ್ಕೆ ಹೋಗುವ ತಾಯಂದಿರು ದೊಡ್ಡವಳನ್ನು ಬಿಡಿಸಿ ಚಿಕ್ಕವನನ್ನು ನೋಡಿಕೊಳ್ಳಲು ಇಟ್ಟರು. ಇನ್ನೂರ ಹನ್ನೊಂದು ಮಕ್ಕಳಲ್ಲಿ ಈಗ ಬರುತ್ತಿರುವವರು ನೂರ ಅರವತ್ತೆಂಟು. ಉಳಿದವರು ಬೆಂಕಿಗೆ ಸಿಗಲಿಲ್ಲ, ನಿಜ. ಶಾಲೆಗೂ ಸಿಗಲಿಲ್ಲ. ಅವರನ್ನು ಎಣಿಸುವ ಜಾಗ ಯಾವ ಅರ್ಜಿಯಲ್ಲೂ ಇಲ್ಲ.

ಬಾಟಲಿ ಹುಡುಗಿಯೂ ಈಗ ಬರುತ್ತಿಲ್ಲ. ಇದು ಸರ್‌ಗೆ ಗೊತ್ತಿತ್ತು. ಗೊತ್ತಾದ ದಿನದಿಂದ ಅವರಿಗೆ ನಗು ಬರುತ್ತಿರಲಿಲ್ಲ.

ಹದಿನಾರು ದಿನದ ಹಿಂದೆ, ಬೆಳಿಗ್ಗೆ, ಮೇಲಿನ ಕಚೇರಿಗೆ ಹೋಗಲು ಬಸ್ಸಿಗೆ ಕಾಯುತ್ತಾ ಕುಳಿತವರು ಹಾಗೇ ಪಕ್ಕಕ್ಕೆ ಒರಗಿದರು. ಪಕ್ಕದಲ್ಲಿದ್ದ ಹೂವಿನಾಕೆ ನಿದ್ದೆ ಬಂತೇನೋ ಎಂದುಕೊಂಡಳಂತೆ. ಎಡಜೇಬಿನಲ್ಲಿ ಟೇಪು ಇತ್ತು, ಚೀಲದಲ್ಲಿ ಊಟದ ಡಬ್ಬಿ ಇತ್ತು, ನಾಲ್ಕನೇ ಅರ್ಜಿ ಇತ್ತು. ನಾನೇ ಬರೆದದ್ದು. ಮೊದಲ ಪ್ರಶ್ನೆಗೆ ಉತ್ತರ, ಸೊನ್ನೆ.

ಇಷ್ಟೇ ಆಗಿದ್ದರೆ ನಾನು ಹಾಳೆಯನ್ನೇ ಓದುತ್ತಿದ್ದೆ.

ಅವರು ಹೋದ ಮೂರನೇ ದಿನ ಒಂದು ಆದೇಶ ಬಂತು. ಈ ಶಾಲೆಯ ಮುಂದೆ ಅವರ ಹೆಸರಿನಲ್ಲಿ ಸ್ಮಾರಕ ದ್ವಾರ. ಕಲ್ಲಿನ ಕಂಬ ಎರಡು, ಮೇಲೆ ಕಮಾನು, ಕಮಾನಿನಲ್ಲಿ ಹೆಸರು. ಚಿತ್ರ ಸಿದ್ಧ, ಗುತ್ತಿಗೆದಾರರು ಸಿದ್ಧ, ಹಣ ಮಂಜೂರು. ಮೂರು ದಿನ. ಇಷ್ಟು ಬೇಗ ಹೇಗಾಯಿತು ಎಂದು ವಿಚಾರಿಸಿದೆ. ಸ್ಮಾರಕಕ್ಕೆ ಅರ್ಜಿ ಬೇಡವಂತೆ. ಅಂಕವೂ ಬೇಡವಂತೆ. ಅದರ ಅಡಿಯಲ್ಲಿ ಎಷ್ಟು ಮಕ್ಕಳು ಓಡಾಡುತ್ತಾರೆ ಎಂದು ಯಾರೂ ಕೇಳುವುದಿಲ್ಲವಂತೆ.

ಮುಖ್ಯಾಧಿಕಾರಿಗಳೇ, ತಾವು ಪ್ರೀತಿಯಿಂದಲೇ ಮಾಡಿಸಿದ್ದೀರಿ. ಅವರ ದೇಹದ ಮುಂದೆ ತಾವು ಅತ್ತದ್ದನ್ನು ನಾನು ನೋಡಿದ್ದೇನೆ. ಆದರೆ ಆ ಚಿತ್ರವನ್ನು ತೋರಿಸಲು ಅಮ್ಮನ ಮನೆಗೆ ಹೋದವಳು ನಾನು. ಅಮ್ಮ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಗೇ ವಾಪಸು ಕೊಟ್ಟು ಹೇಳಿದರು: "ಅವ್ರು ಮಕ್ಕಳು ಹೊರಗೆ ಬರೋ ದಾರಿ ಕೇಳ್ತಿದ್ರು ಕಣಮ್ಮ. ನೀವು ಒಳಗೆ ಹೋಗೋ ದಾರಿ ಕಟ್ತಾ ಇದೀರಿ."

ಅಷ್ಟೇ ಹೇಳಿ, "ಕೂತ್ಕೋ, ಕಾಫಿ ತರ್ತೀನಿ" ಎಂದು ಒಳಗೆ ಹೋದರು.

ಆ ಮಾತನ್ನು ನಾನು ಪತ್ರದಲ್ಲಿ ಬರೆದು ಮೇಲಕ್ಕೆ ಕಳಿಸಬಹುದಿತ್ತು. ಪತ್ರಗಳ ಗತಿ ನನಗೆ ಗೊತ್ತು. ಆದ್ದರಿಂದ ಇಲ್ಲಿ, ಎಲ್ಲರ ಎದುರಿಗೆ ಕೇಳುತ್ತಿದ್ದೇನೆ. ಆ ಕಲ್ಲು, ಆ ಹಣ, ಆ ಮೂರು ದಿನದ ಚುರುಕು — ಎಲ್ಲವನ್ನೂ ಕಟ್ಟಡದ ಆ ತುದಿಗೆ ಸಾಗಿಸಿ. ಆ ಮೆಟ್ಟಿಲನ್ನೇ ಸ್ಮಾರಕ ಎಂದು ಕರೆಯಿರಿ. ಹೆಸರು ಬೇಕಾದರೆ ಹಾಕಿ, ಬೇಡವಾದರೆ ಬಿಡಿ. ಅಳತೆ ಬೇಕೆಂದರೆ ನಾಲ್ಕು ಅರ್ಜಿಯಲ್ಲೂ ಇದೆ.

ನನ್ನ ಮಾತು ಮುಗಿಯಿತು. ಹೆಚ್ಚು ಮಾತಾಡಿದೆನೇನೋ.

ಈಗ ಮೌನ. ನಮ್ಮ ಕಚೇರಿಯ ಪದ್ಧತಿಯಲ್ಲಿ ಎರಡು ನಿಮಿಷ. ಇವತ್ತು ಹಾಗೆ ಬೇಡ. ಆಟದ ಮೇಷ್ಟ್ರ ಹತ್ತಿರ ಅದೇ ಗಡಿಯಾರವನ್ನು ಕೇಳಿ ತಂದಿದ್ದೇನೆ. ನಾಲ್ಕು ನಿಮಿಷ ಹತ್ತು ಸೆಕೆಂಡು ನಿಲ್ಲೋಣ. ಬಿಸಿಲಿದೆ, ಉದ್ದವಾಯಿತು ಎನ್ನಿಸುತ್ತದೆ. ಕಾಲು ಬದಲಾಯಿಸಬೇಕು, ಗಂಟಲು ಸರಿಮಾಡಿಕೊಳ್ಳಬೇಕು ಎನ್ನಿಸುತ್ತದೆ. ಎನ್ನಿಸಲಿ. ಎರಡು ನಿಮಿಷಕ್ಕೆ ಅಭ್ಯಾಸಬಲದಿಂದ ಯಾರೂ ಕೂರಬೇಡಿ — ಆ ಹೊತ್ತಿಗೆ ಇನ್ನೂ ನೂರು ಮಕ್ಕಳು ಮೇಲೆಯೇ ಇರುತ್ತಾರೆ. ಮೂರೂವರೆಗೂ ಬೇಡ. ಆಗ ಒಬ್ಬಳು ಬಾಟಲಿಗಾಗಿ ವಾಪಸು ಹೋಗಿರುತ್ತಾಳೆ.

ಅಮ್ಮ, ನಿಮಗೆ ಮಂಡಿನೋವು. ನೀವು ಕುಳಿತೇ ಇರಿ.

ಉಳಿದವರು ದಯವಿಟ್ಟು ಎದ್ದು, ಆ ಮೆಟ್ಟಿಲ ಕಡೆಗೆ ತಿರುಗಿ ನಿಲ್ಲಿ. ಅವಳು ಇಳಿದು ನೆಲ ಮುಟ್ಟಿದಾಗ ನಾನು ಹೇಳುತ್ತೇನೆ.